ಏಳನೆಯ ತರಗತಿಗೆ ನೌರು ದ್ವೀಪದ ಪಾಠ

ನೈಸರ್ಗಿಕ ಸಂಪತ್ತು ಮತ್ತು ಅದರ ಸಂರಕ್ಷಣೆ ಎಂಬ ಪಾಠವನ್ನು ಈ ಶಾಲೆಯಲ್ಲಿ ನಾನು ಹಲವು ವರ್ಷ ಬೋಧಿಸಿದ್ದೇನೆ. ಮೊದಮೊದಲು ಮಕ್ಕಳು ವ್ಯಾಖ್ಯೆಯನ್ನು ಬಾಯಿಪಾಠ ಮಾಡಿ ಒಪ್ಪಿಸುತ್ತಿದ್ದರು. ಸಂಪತ್ತು ಮುಗಿಯುವುದೆಂದರೇನು ಎಂಬುದು ಮಾತ್ರ ಅವರ ಮನಸ್ಸಿಗೆ ಇಳಿಯುತ್ತಿರಲಿಲ್ಲ. ವಿಶಾಲವಾದ ದೇಶದಲ್ಲಿ ಒಂದು ಗಣಿ ಬರಿದಾದರೆ ಇನ್ನೊಂದಿದೆ ಎಂದು ಮಗು ಸಹಜವಾಗಿಯೇ ಭಾವಿಸುತ್ತದೆ. ಆದುದರಿಂದ ಒಂದೇ ನೋಟಕ್ಕೆ ನಿಲುಕುವ ದೇಶವೊಂದನ್ನು ಹುಡುಕಿ, ಶಾಂತಸಾಗರದ ನೌರು ದ್ವೀಪವನ್ನು ಆರಿಸಿಕೊಂಡೆ.

ಅದರ ವಿಸ್ತೀರ್ಣ 21 ಚದರ ಕಿಲೋಮೀಟರ್. ಬೆಳಗ್ಗೆ ಹೊರಟ ಮಗು ಸಂಜೆಯೊಳಗೆ ನಡೆದೇ ತನ್ನ ದೇಶಕ್ಕೆ ಪ್ರದಕ್ಷಿಣೆ ಬರಬಹುದು! ಊಟದ ತಟ್ಟೆಯೊಂದನ್ನು ಮೇಜಿನ ಮೇಲೆ ಕವುಚಿ ಇಟ್ಟು ತೋರಿಸುತ್ತಿದ್ದೆ: ಅಂಚಿನ ತಗ್ಗಿನಲ್ಲಿ ತೆಂಗಿನ ಮರಗಳು, ಮನೆಗಳು, ನಡುವಿನ ಎತ್ತರದಲ್ಲಿ ಫಾಸ್ಫೇಟ್ ಶಿಲೆ. ತೋಟಕ್ಕೆ ಹಾಕುವ ರಸಗೊಬ್ಬರಕ್ಕೆ ಇಂತಹ ಶಿಲೆಯೇ ಮೂಲವೆಂದಾಗ ಅಡಿಕೆ ಕೃಷಿಕರ ಮಕ್ಕಳ ಕಿವಿ ನೆಟ್ಟಗಾಗುತ್ತಿತ್ತು. ಒಡಿಶಾದ ಪಾರಾದೀಪದ ಗೊಬ್ಬರದ ಕಂಪೆನಿಯು 1981ರಲ್ಲಿ ಭಾರತ ಮತ್ತು ನೌರು ಸರಕಾರಗಳ ಪಾಲುದಾರಿಕೆಯಲ್ಲಿಯೇ ಆರಂಭವಾದುದು.

ಸಿಡ್ನಿಯ ಕಚೇರಿಯೊಂದರಲ್ಲಿ ಬಾಗಿಲಿಗೆ ಅಡ್ಡವಾಗಿ ಇರಿಸಿದ್ದ ನೌರುವಿನ ಕಲ್ಲನ್ನು ಆಲ್ಬರ್ಟ್ ಎಲ್ಲಿಸ್ ಎಂಬ ನೌಕರನು 1900ರ ಸುಮಾರಿಗೆ ಪರೀಕ್ಷಿಸಿದಾಗ ಅದು ಉತ್ತಮ ದರ್ಜೆಯ ಫಾಸ್ಫೇಟ್ ಎಂದು ತಿಳಿಯಿತು. ಕೆಲವೇ ವರ್ಷಗಳಲ್ಲಿ ಅಗೆತ ಆರಂಭವಾಯಿತು. ಮೊದಲನೆಯ ಮಹಾಯುದ್ಧದ ಬಳಿಕ ದ್ವೀಪವು ಜರ್ಮನರಿಂದ ಬ್ರಿಟನ್, ಆಸ್ಟ್ರೇಲಿಯಾ, ನ್ಯೂಜಿಲೆಂಡುಗಳ ಕೈಸೇರಿತು. ಶಿಲೆಯು ಅವರ ಹೊಲಗಳಿಗೆ ಹೋಯಿತು. ಉಳಿದುದು ಮೊನಚಾದ ಸುಣ್ಣಕಲ್ಲಿನ ಕಂಬಗಳ ಕಾಡು. "ನಮ್ಮ ಪದವಿನ ಕಲ್ಲುಕೋರೆಯ ಹಾಗೆಯಾ ಮಾಸ್ಟ್ರೇ?" ಎಂದು ಒಬ್ಬ ಕೇಳಿದ್ದ. ಕೋರೆಯಲ್ಲಿ ಮಳೆನೀರಾದರೂ ನಿಲ್ಲುತ್ತದೆ, ಅಲ್ಲಿ ಅದೂ ಇಂಗಿಹೋಗುತ್ತದೆ ಎಂದೆ.

ದ್ವೀಪವನ್ನು ತೊರೆದು ಆಸ್ಟ್ರೇಲಿಯಾದ ಕರ್ಟಿಸ್ ದ್ವೀಪದಲ್ಲಿ ನೆಲೆಸಿರೆಂಬ ಸಲಹೆಯನ್ನು ನೌರು ಜನರು 1964ರಲ್ಲಿ ನಿರಾಕರಿಸಿದರು. 1968ರಲ್ಲಿ ಸ್ವತಂತ್ರರಾದರು. ಮೊದಲ ಅಧ್ಯಕ್ಷ ಹ್ಯಾಮರ್ ಡಿರಾಬರ್ಟ್ ಹಿಂದೆ ಶಾಲಾ ಉಪಾಧ್ಯಾಯರಾಗಿದ್ದವರು. (ಇದನ್ನು ನಾನು ತುಸು ಹೆಮ್ಮೆಯಿಂದಲೇ ಹೇಳುತ್ತಿದ್ದೆ.) ಪಾಠವನ್ನು ಅಲ್ಲಿಗೆ ಮುಗಿಸುವುದು ವಾಡಿಕೆ.

ಒಂದು ವರ್ಷ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು, "ಮತ್ತೆ ಅಗೆಯುವುದು ನಿಂತಿತಾ ಮಾಸ್ಟ್ರೇ?" ಎಂದಳು.

ನಿಂತಿರಲಿಲ್ಲ. ಹೊರಗಿನವರು ದೋಚಿದರೆಂದು ಹೇಳಿ ಪುಸ್ತಕ ಮುಚ್ಚುವುದು ಉಪಾಧ್ಯಾಯನಿಗೆ ಸುಲಭ. ಅಷ್ಟು ವರ್ಷ ನಾನು ಮಾಡಿದ್ದೂ ಅದನ್ನೇ. ಮರುದಿನ ಉಳಿದ ಕಥೆಯನ್ನು ಹೇಳಿದೆ. 1970ರಲ್ಲಿ ಗಣಿಯು ನೌರುವಿನ ಕೈಗೆ ಬಂದ ಮೇಲೆ ಅಗೆತ ಮುಂದುವರಿಯಿತು. ತಲಾ ಆದಾಯದಲ್ಲಿ ಆ ಪುಟ್ಟ ದೇಶ ಜಗತ್ತಿನ ಮುಂಚೂಣಿಗೆ ಬಂತು. ಮೆಲ್ಬರ್ನಿನಲ್ಲಿ 52 ಅಂತಸ್ತಿನ ಕಟ್ಟಡವೆದ್ದಿತು. 1993ರಲ್ಲಿ ಲಂಡನ್ನಿನ ಒಂದು ಸಂಗೀತ ನಾಟಕಕ್ಕೂ ಹಣ ಸುರಿದರು; ಅದು ಬೇಗನೆ ಬಿದ್ದುಹೋಯಿತು. ಅದೇ ವರ್ಷ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿದ್ದ ದಾವೆಯ ರಾಜಿಯಿಂದ ಆಸ್ಟ್ರೇಲಿಯಾವು 10.7 ಕೋಟಿ ಡಾಲರು ಪರಿಹಾರಕ್ಕೆ ಒಪ್ಪಿತು. ಆದರೂ ಶತಮಾನದ ಆರಂಭಕ್ಕೆ ಮುಖ್ಯ ನಿಕ್ಷೇಪ ಬರಿದಾಗುತ್ತ ಬಂದಿತ್ತು. 2004ರಲ್ಲಿ ಮೆಲ್ಬರ್ನಿನ ಕಟ್ಟಡವೂ ಕೈಬಿಟ್ಟಿತು.

ಅವರಿಗೆ ಕಡಲೊಂದು ಉಳಿದಿದೆ. ನೌರು ಮತ್ತು ನೆರೆಯ ದ್ವೀಪರಾಷ್ಟ್ರಗಳು 1982ರ ಒಪ್ಪಂದದ ಬಲದಿಂದ, ವಿದೇಶೀ ಹಡಗುಗಳು ಟ್ಯೂನಾ ಮೀನು ಹಿಡಿಯುವ ದಿನಗಳಿಗೆ ಮಿತಿ ಹಾಕಿ ದಿನದ ಲೆಕ್ಕದಲ್ಲಿ ಶುಲ್ಕ ಪಡೆಯುತ್ತಿವೆ. ಮಳೆಗಾಲದ ಟ್ರಾಲಿಂಗ್ ನಿಷೇಧವನ್ನು ಕಂಡ ನಮ್ಮ ಕಾಸರಗೋಡಿನ ಕಡಲತೀರದ ಮಕ್ಕಳಿಗೆ ಇದನ್ನು ವಿವರಿಸಬೇಕಾಗಲಿಲ್ಲ. ಆದರೆ 2021ರಲ್ಲಿ ಅದೇ ನೌರು, ಸಾಗರತಳದ ಲೋಹದ ಉಂಡೆಗಳ ಗಣಿಗಾರಿಕೆಗೆ ಎರಡು ವರ್ಷದೊಳಗೆ ನಿಯಮ ರೂಪಿಸಬೇಕೆಂದು ಅಂತರರಾಷ್ಟ್ರೀಯ ಪ್ರಾಧಿಕಾರವನ್ನು ಕೇಳಿತು.

ನನ್ನ ಸೇವೆಯ ಕೊನೆಯ ವರ್ಷದ ಪರೀಕ್ಷೆಗೆ ಇದನ್ನೇ ಪ್ರಶ್ನೆಯಾಗಿ ಇಟ್ಟೆ: ನೀನು ನೌರುವಿನ ಮಗುವಾಗಿದ್ದರೆ ಅಗೆಯಲು ಒಪ್ಪುವೆಯಾ? ಒಪ್ಪುತ್ತೇನೆ, ಬೇರೆ ವರಮಾನವೆಲ್ಲಿ ಎಂದವರು ಅರ್ಧ, ಒಪ್ಪೆನೆಂದವರು ಅರ್ಧ. ಒಬ್ಬನು ಮಾತ್ರ, ಆ ಆಳದಲ್ಲಿ ಯಾವ ಯಾವ ಜೀವಿಗಳಿವೆಯೆಂದು ಮೊದಲು ಹೇಳಿರಿ, ಉತ್ತರ ಆಮೇಲೆ ಎಂದು ಬರೆದಿದ್ದ. ಅವನಿಗೆಷ್ಟು ಅಂಕ ಕೊಡಬೇಕೆಂದು ಎರಡು ದಿನ ಯೋಚಿಸಿದೆ.