ಪುಕ್ಕಟೆ ಟಿಕೆಟ್ ಇದೆ, ಸೀಟಿಲ್ಲ

ಪ್ರಶ್ನೆ: ನಾನು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಕಳೆದ ವರ್ಷ ಹೆಂಡತಿಯ ಜೊತೆ ಅಮೆರಿಕದ ಡಲ್ಲಾಸ್‌ನಲ್ಲಿರುವ ಮಗನ ಮನೆಗೆ ಹೋಗಿದ್ದೆ. ಮೇ ಕೊನೆಯಲ್ಲಿ ಅಲ್ಲಿಂದ ಷಿಕಾಗೋಗೆ, ಹೆಂಡತಿಯ ತಂಗಿಯ ಮಗಳ ಮನೆಗೆ ವಿಮಾನದಲ್ಲಿ ಹೊರಟೆವು. ಮಗ ಸೆಕ್ಯುರಿಟಿವರೆಗೆ ಬಂದು ಬಿಟ್ಟು ಹೋದ. ಗೇಟಿನ ಹತ್ತಿರ ಮೈಕಿನಲ್ಲಿ ಏನೋ ಹೇಳುತ್ತಿದ್ದರು. ಕೌಂಟರಿನ ಹುಡುಗಿ ನಗುನಗುತ್ತ ಏನೋ ಕೇಳಿದಳು. ಅರ್ಧಂಬರ್ಧ ಅರ್ಥವಾಯಿತು, ತಲೆಯಾಡಿಸಿದೆ. ವಿಮಾನ ಹೋಯಿತು, ನಾವು ಉಳಿದೆವು. ರಾತ್ರಿ ಹೋಟೆಲಿನಲ್ಲಿ ಇರಿಸಿ ಮರುದಿನ ಬೆಳಿಗ್ಗೆ ಕಳಿಸಿದರು. ಜೊತೆಗೆ ಇಬ್ಬರಿಗೂ ಒಂದೊಂದು ವೋಚರ್ ಕೊಟ್ಟರು. ಅಮೆರಿಕದೊಳಗೆ ಎಲ್ಲಿಗಾದರೂ ಹೋಗಿಬರಲು ಪುಕ್ಕಟೆ ಟಿಕೆಟ್, ಅವಧಿ ಒಂದು ವರ್ಷ.

ಈಗ ಸೊಸೆಗೆ ಏಪ್ರಿಲ್‌ನಲ್ಲಿ ಹೆರಿಗೆ. ಬಾಣಂತನಕ್ಕೆಂದು ಮಾರ್ಚ್‌ನಲ್ಲಿ ಮತ್ತೆ ಹೊರಟಿದ್ದೇವೆ. ಆ ವೋಚರಿನಲ್ಲಿ ಸನ್ನಿವೇಲ್‌ನಲ್ಲಿರುವ ಅಣ್ಣನ ಮಗನ ಮನೆಗೂ ಹೋಗಿಬರೋಣ ಎಂದುಕೊಂಡರೆ, ಮೇ ತಿಂಗಳ ಯಾವ ದಿನ ಕೇಳಿದರೂ ಸೀಟಿಲ್ಲ ಅನ್ನುತ್ತಾರೆ. ಅದೇ ವಿಮಾನದಲ್ಲಿ ದುಡ್ಡು ಕೊಟ್ಟರೆ ಸೀಟಿದೆ! "ಬಿಡಪ್ಪಾ, ಟಿಕೆಟ್ ನಾನೇ ತೆಗೀತೀನಿ" ಅಂತಾನೆ ಮಗ. "ನೀವು ತಲೆ ಆಡಿಸಿದ್ದಕ್ಕೇ ಇದೆಲ್ಲ ಆಗಿದ್ದು" ಅಂತಾಳೆ ಹೆಂಡತಿ. ಇದು ಮೋಸ ಅಲ್ಲವೇ? ಶಿವಮೊಗ್ಗದ ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೇ?

– ಹೆಸರು ಬೇಡ, ಸಾಗರ

ಉತ್ತರ: ಮೇಷ್ಟ್ರೇ, ಮೊದಲು ಮನೆಯ ಜಗಳ ಮುಗಿಸೋಣ. ಅಲ್ಲೇ ಹುಟ್ಟಿ ಬೆಳೆದವರೂ ಗೇಟಿನ ಆ ಗದ್ದಲದಲ್ಲಿ, ಹಿಂದೆ ಸಾಲು ನಿಂತಿರುವಾಗ, ಪೂರ್ತಿ ಕೇಳಿಸಿಕೊಳ್ಳದೆ ‘ಓಕೆ’ ಅಂದುಬಿಡುತ್ತಾರೆ. ಅಮ್ಮನವರಿಗೆ ಈ ಮಾತು ಓದಿ ಹೇಳಿ. ಆದರೆ ಆ ತಲೆಯಾಡಿಸಿದ್ದಕ್ಕೆ ಅಲ್ಲಿನ ಕಾನೂನಿನಲ್ಲಿ ತೂಕವಿದೆ. ಆದ್ದರಿಂದ ಶುರು ಮಾಡಬೇಕಾದದ್ದು ಅಲ್ಲಿಂದಲೇ.

ಇರುವ ಸೀಟಿಗಿಂತ ಹೆಚ್ಚು ಟಿಕೆಟ್ ಮಾರುವುದು ಅಮೆರಿಕದಲ್ಲಿ ಅಪರಾಧವಲ್ಲ. ಟಿಕೆಟ್ ತೆಗೆದವರಲ್ಲಿ ಕೆಲವರು ಬರುವುದಿಲ್ಲ ಎಂಬ ಲೆಕ್ಕದ ಮೇಲೆ ಕಂಪನಿಗಳು ಹೀಗೆ ಮಾಡುತ್ತವೆ. ಎಲ್ಲರೂ ಬಂದುಬಿಟ್ಟ ದಿನ ಯಾರನ್ನಾದರೂ ಉಳಿಸಲೇಬೇಕು. ಮೊದಲು ಇದು ಕಂಪನಿಯವರ ಮರ್ಜಿಗೆ ಬಿಟ್ಟ ವಿಷಯವಾಗಿತ್ತು. 1972ರಲ್ಲಿ ಹೀಗೆ ಉಳಿಸಿಕೊಂಡವರಲ್ಲಿ ಗ್ರಾಹಕ ಚಳವಳಿಯ ರಾಲ್ಫ್ ನೇಡರ್ ಒಬ್ಬರು. ಅವರು ಅಲೆಗೆನಿ ಏರ್‌ಲೈನ್ಸ್ ಮೇಲೆ ದಾವೆ ಹೂಡಿದರು. ಇಂಥ ದಾವೆ ಹೂಡಲು ಪ್ರಯಾಣಿಕನಿಗೆ ಅಡ್ಡಿಯಿಲ್ಲ ಎಂದು 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಹೇಳಿತು. ಅದಕ್ಕೂ ಮುಂಚೆ, 1968ರಲ್ಲೇ, ಜೂಲಿಯನ್ ಸೈಮನ್ ಎಂಬ ಅರ್ಥಶಾಸ್ತ್ರಜ್ಞ ಒಂದು ಉಪಾಯ ಹೇಳಿದ್ದ. ಎಷ್ಟು ಕೊಟ್ಟರೆ ಮುಂದಿನ ವಿಮಾನಕ್ಕೆ ಕಾಯುತ್ತೀರಿ ಎಂದು ಪ್ರಯಾಣಿಕರನ್ನೇ ಕೇಳಿ, ಕಡಿಮೆ ಕೇಳಿದವರನ್ನು ಉಳಿಸಿಕೊಳ್ಳಿ ಎಂದು. ಕಂಪನಿಗಳು ಆಗ ನಕ್ಕವು. ಹತ್ತು ವರ್ಷ ಕಳೆದ ಮೇಲೆ, ಮನಸ್ಸಿದ್ದವರನ್ನು ಮೊದಲು ಕೇಳಲೇಬೇಕು ಎಂಬ ನಿಯಮ ಬಂತು. ನಿಮಗೆ ಮೈಕಿನಲ್ಲಿ ಕೇಳಿಸಿದ್ದು ಅದೇ.

ಹೀಗೆ ತಾವಾಗಿ ಬಿಟ್ಟುಕೊಟ್ಟವರು ಒಂದು ಪಂಗಡ, ಒಪ್ಪದೆ ಉಳಿದವರು ಇನ್ನೊಂದು. ಒಪ್ಪದವರನ್ನು ಕಂಪನಿ ಬಲವಂತವಾಗಿ ಉಳಿಸಿದರೆ, ದೇಶದೊಳಗಿನ ಪ್ರಯಾಣದಲ್ಲಿ ಎರಡು ಗಂಟೆಗಿಂತ ಹೆಚ್ಚು ತಡವಾಗಿ ಮುಟ್ಟಿಸಿದ್ದಕ್ಕೆ ಒಂದು ದಿಕ್ಕಿನ ಟಿಕೆಟ್ ದರದ ನಾಲ್ಕು ಪಟ್ಟು ಪರಿಹಾರ ಕೊಡಬೇಕು. ಕಾನೂನಿನ ಪ್ರಕಾರ ಕಂಪನಿ ಇದನ್ನು 2,150 ಡಾಲರಿಗೆ ನಿಲ್ಲಿಸಬಹುದು. 2025ರ ಜನವರಿಯವರೆಗೆ ಆ ಮಿತಿ 1,550 ಇತ್ತು. ಈ ಹಣವನ್ನು ನಗದಾಗಿ ಅಥವಾ ಚೆಕ್ಕಿನಲ್ಲಿ ಕೇಳುವ ಹಕ್ಕು ಪ್ರಯಾಣಿಕನದು. "ವೋಚರ್ ಬೇಡ, ಚೆಕ್ ಕೊಡಿ" ಅಂದರೆ ಕೊಡಲೇಬೇಕು. ಅವನ ಹಕ್ಕುಗಳನ್ನು ಬರೆದ ಹಾಳೆಯೊಂದನ್ನೂ ಅಲ್ಲೇ ಕೈಗೆ ಕೊಡಬೇಕು. ತಾನಾಗಿ ಒಪ್ಪಿದವನಿಗೆ ಇದ್ಯಾವುದೂ ಇಲ್ಲ. ಅವನಿಗೆ ಸಿಗುವುದು ಕುದುರಿದ ಚೌಕಾಸಿಯಷ್ಟೇ.

ಆದ್ದರಿಂದ ಆ ದಿನದ ಕಾಗದಗಳನ್ನೆಲ್ಲ ಹುಡುಕಿ ತೆಗೆಯಿರಿ. ಎಲ್ಲಾದರೂ ಸಹಿ ಹಾಕಿದ್ದೀರಾ? ಪರದೆಯ ಮೇಲೆ ಬೆರಳು ಒತ್ತಿಸಿಕೊಂಡರಾ? ಹಕ್ಕುಗಳ ಹಾಳೆ ಏನಾದರೂ ಕೈಗೆ ಬಂತೇ? ಹಾಳೆ ಬಂದಿದ್ದರೆ ಕಂಪನಿಯೇ ನಿಮ್ಮನ್ನು ಬಲವಂತದ ಪಂಗಡಕ್ಕೆ ಸೇರಿಸಿರುವ ಸಂಭವವಿದೆ, ಆಗ ವೋಚರ್ ಬಿಟ್ಟು ಚೆಕ್ಕಿನ ಮಾತಾಡಬಹುದು. ನೀವು ಬರೆದದ್ದನ್ನು ಓದಿದರೆ ನನಗನಿಸುವುದು, ನಿಮ್ಮನ್ನು ಒಪ್ಪಿದವರ ಪಟ್ಟಿಗೆ ಹಾಕಿದ್ದಾರೆ.

ಹಾಗಾದರೆ ಎಲ್ಲ ಮುಗಿಯಿತೇ? ಇಲ್ಲ. ನಿಮ್ಮ ಮಗನಿಗೆ ಬಹುಶಃ ಗೊತ್ತಿಲ್ಲದ ಒಂದು ನಿಯಮ ಅಮೆರಿಕದ ಸಾರಿಗೆ ಇಲಾಖೆಯಲ್ಲಿದೆ. ಸೀಟು ಬಿಟ್ಟುಕೊಡಿ ಎಂದು ಕೇಳಿ ಪುಕ್ಕಟೆ ಟಿಕೆಟಿನ ಆಸೆ ತೋರಿಸುವ ಕಂಪನಿ, ಆ ಟಿಕೆಟಿನ ಮುಖ್ಯ ಷರತ್ತುಗಳನ್ನೆಲ್ಲ ಪ್ರಯಾಣಿಕ ಹೂಂ ಅನ್ನುವ ಮೊದಲೇ ಹೇಳಬೇಕು. ಯಾವ್ಯಾವ ಷರತ್ತು ಎಂಬುದನ್ನೂ ನಿಯಮವೇ ಹೆಸರಿಸಿದೆ: ಶುಲ್ಕ, ಇಂತಿಷ್ಟು ದಿನ ಮುಂಚೆ ಬುಕ್ ಮಾಡಬೇಕೆಂಬ ಕಟ್ಟು, ಸೀಟುಗಳ ಮಿತಿ, ಬಳಸಬಾರದ ದಿನಗಳು. ನಿಮ್ಮನ್ನು ಕಾಡುತ್ತಿರುವುದು ಇದರಲ್ಲಿ ಮೂರನೆಯದು. ಅದನ್ನು ಗೇಟಿನಲ್ಲಿ ನಿಮಗೆ ಯಾರಾದರೂ ಹೇಳಿದರೇ? ನಿಮ್ಮ ಕೈಯಲ್ಲಿರುವ ಗಟ್ಟಿ ಅಸ್ತ್ರ ಇದೊಂದೇ.

ಸೀಟಿನ ಮಿತಿ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿದರೆ ‘ದುಡ್ಡು ಕೊಟ್ಟರೆ ಸೀಟಿದೆ’ ಎಂಬ ನಿಮ್ಮ ಆಶ್ಚರ್ಯ ಹೋಗುತ್ತದೆ, ಸಿಟ್ಟು ಉಳಿಯಬಹುದು. ವಿಮಾನದ ಹಿಂಭಾಗದ ಸೀಟುಗಳೆಲ್ಲ ಕೂರುವವರಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಒಂದೊಂದು ದರಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ, ಒಂದೊಂದು ಅಕ್ಷರಕ್ಕೆ ಇಷ್ಟಿಷ್ಟೇ ಸೀಟು. ಪುಕ್ಕಟೆ ಟಿಕೆಟಿಗೆ ತೆರೆದಿರುವುದು ಸಾಮಾನ್ಯವಾಗಿ ಅತಿ ಅಗ್ಗದ ಒಂದೋ ಎರಡೋ ಅಕ್ಷರ. ದುಡ್ಡು ಕೊಟ್ಟು ಬರುವವರೆಲ್ಲ ಎಲೆಯ ಮುಂದೆ ಕೂತ ಮೇಲೆ ಕೊನೆ ಪಂಕ್ತಿಯಲ್ಲಿ ಉಳಿದರೆ ನಿಮಗೆ. ರಜೆಯ ದಿನಗಳಲ್ಲಿ ಆ ಅಕ್ಷರವನ್ನು ಮುಚ್ಚಿಬಿಡುತ್ತಾರೆ. ಅಂದರೆ ನಿಮ್ಮ ಕೈಗೆ ಬಂದದ್ದು ಸೀಟಲ್ಲ, ಮಿಕ್ಕಿದರೆ ಕೊಡುತ್ತೇವೆ ಎಂಬ ಮಾತು. ಇದನ್ನು ಮೋಸ ಅನ್ನಲಾರೆ. ಷರತ್ತು ಹೇಳದೆ ಕೊಟ್ಟಿದ್ದರೆ ಮಾತ್ರ ನಿಯಮ ಮುರಿದಂತೆ.

ಇಂತಿಷ್ಟು ಡಾಲರ್ ಎಂದು ಮೊತ್ತ ಬರೆದ ವೋಚರ್ ಇಷ್ಟು ಕೆಟ್ಟದ್ದಲ್ಲ. ಅದರಲ್ಲಿ ಮಾರಾಟಕ್ಕಿರುವ ಯಾವ ಸೀಟನ್ನಾದರೂ ಕೊಂಡು, ಕಡಿಮೆ ಬಿದ್ದದ್ದನ್ನು ಕೈಯಿಂದ ಹಾಕಬಹುದು. ನೀವು ಕಂಪನಿಯನ್ನು ಕೇಳಬೇಕಾದ್ದೂ ಅದನ್ನೇ: ಪುಕ್ಕಟೆ ಟಿಕೆಟನ್ನು ಡಾಲರ್ ವೋಚರಿಗೆ ಬದಲಾಯಿಸಿ ಕೊಡಿ.

ಕೇಳುವ ಮೊದಲು ವೋಚರಿನ ಸಣ್ಣಕ್ಷರ ಓದಬೇಕು. ಕನ್ನಡಕ ಹಾಕಿಕೊಂಡು, ಹಿಂಬದಿಯನ್ನೂ ಓದಿ. ‘ಒಂದು ವರ್ಷ’ ಎಂದಿರುವುದು ಅಷ್ಟರೊಳಗೆ ಬುಕ್ ಮಾಡಲಿಕ್ಕೋ, ಅಷ್ಟರೊಳಗೆ ಪ್ರಯಾಣವನ್ನೇ ಮುಗಿಸಲಿಕ್ಕೋ? ಎರಡೂ ರೀತಿಯ ವೋಚರುಗಳಿವೆ. ನಿಮ್ಮ ಮಟ್ಟಿಗೆ ಇದೇ ದೊಡ್ಡ ಪ್ರಶ್ನೆ. ಯಾಕೆಂದರೆ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ: ಹಸಿ ಬಾಣಂತಿಯನ್ನೂ ತಿಂಗಳ ಕೂಸನ್ನೂ ಬಿಟ್ಟು ಅಮ್ಮನವರು ಮೇ ತಿಂಗಳಲ್ಲಿ ಸನ್ನಿವೇಲ್‌ಗೆ ಹೊರಡುತ್ತಾರೆಯೇ? ನನಗೆ ನಂಬಿಕೆಯಿಲ್ಲ. ಬುಕ್ ಮಾಡಲಿಕ್ಕೆ ಮಾತ್ರ ಮೇ ಗಡುವಾದರೆ ಜೂನ್‌ನಲ್ಲೋ ಜುಲೈನಲ್ಲೋ ಹೋಗಬಹುದು. ಪ್ರಯಾಣವೇ ಮುಗಿಯಬೇಕು ಎಂದಿದ್ದರೆ, ಮಾರ್ಚ್‌ನಲ್ಲಿ ಅಲ್ಲಿ ಇಳಿದ ಮೇಲೆ ಹೆರಿಗೆಗೆ ಮುಂಚೆಯೇ ಹೋಗಿಬರುವುದು ಮೇಲು. ವೋಚರ್ ನಿಮ್ಮ ಹೆಸರಿಗೇ ಕಟ್ಟುಬಿದ್ದಿದೆಯೋ ಅಥವಾ ನೀವು ಬೇರೆಯವರಿಗೂ ಟಿಕೆಟ್ ಮಾಡಿಸಬಹುದೋ, ಅದನ್ನೂ ನೋಡಿ. ಮಾಡಿಸಬಹುದಾದರೆ ಅಣ್ಣನ ಮಗನೇ ಕೂಸನ್ನು ನೋಡಲು ಡಲ್ಲಾಸ್‌ಗೆ ಬರಲಿ. ಮಾರುವ ಆಸೆ ಮಾತ್ರ ಬೇಡ. ಮಾರಿದ್ದು ತಿಳಿದರೆ ಕಂಪನಿ ವೋಚರನ್ನೇ ರದ್ದು ಮಾಡಬಹುದು.

ಹುಡುಕುವಾಗ ಸ್ಯಾನ್ ಫ್ರಾನ್ಸಿಸ್ಕೋ ಒಂದನ್ನೇ ಹಿಡಿದು ಕೂರಬೇಡಿ. ಸನ್ನಿವೇಲ್‌ಗೆ ಹತ್ತಿರದ ನಿಲ್ದಾಣ ಸ್ಯಾನ್ ಹೊಸೆ, ಓಕ್‌ಲ್ಯಾಂಡ್ ಕೂಡ ದೂರವಲ್ಲ. ಮಂಗಳವಾರ, ಬುಧವಾರ, ಬೆಳಗಿನ ಜಾವದ ವಿಮಾನ, ನಡುವೆ ಒಂದು ಕಡೆ ಇಳಿದು ಹತ್ತುವ ದಾರಿ, ಇವುಗಳಲ್ಲಿ ಅಗ್ಗದ ಅಕ್ಷರಗಳು ಹೆಚ್ಚು ಹೊತ್ತು ಉಳಿದಿರುತ್ತವೆ. ಮೇ ಕೊನೆಯ ಸೋಮವಾರ ಅಲ್ಲಿ ಮೆಮೋರಿಯಲ್ ಡೇ ರಜೆ, ಅದರ ಆಸುಪಾಸಿನ ವಾರವನ್ನು ಕೇಳಲೇ ಹೋಗಬೇಡಿ. ಇಬ್ಬರಿಗೂ ಒಟ್ಟಿಗೆ ಹುಡುಕಿದಾಗ ಎರಡು ಸೀಟು ಇಲ್ಲವೆಂದರೆ ಒಂದೂ ಇಲ್ಲವೆಂದು ತೋರಿಸುತ್ತದೆ. ಒಬ್ಬೊಬ್ಬರಿಗೇ ಹುಡುಕಿ ನೋಡಿ. ಇದೆಲ್ಲ ಸಾಗರದಿಂದ ಆಗುವ ಕೆಲಸವಲ್ಲ, ಕಂಪನಿಯ ಅಮೆರಿಕದ ತಾಣದಲ್ಲಿ ಮಗನೇ ಮಾಡಬೇಕು. ಟ್ರಾವೆಲ್ ಏಜೆಂಟರಲ್ಲಿ ಇಂಥ ವೋಚರ್ ನಡೆಯುವುದು ಕಷ್ಟ. ಕಂಪನಿಯ ಹೆಸರಿನಲ್ಲಿ ಮಾರಿದರೂ ಬೇರೆ ಕಂಪನಿ ಹಾರಿಸುವ ವಿಮಾನದಲ್ಲೂ ಹೆಚ್ಚಾಗಿ ನಡೆಯದು.

ಇಷ್ಟಾದರೂ ಸಿಗದಿದ್ದರೆ ಫೋನು ಬಿಟ್ಟು ಬರವಣಿಗೆಗೆ ಇಳಿಯಿರಿ. ಕಾಲ್ ಸೆಂಟರಿನ ಹುಡುಗರಿಗೆ ‘ಇಲ್ಲ’ ಅನ್ನುವ ಅಧಿಕಾರ ಮಾತ್ರ ಇರುತ್ತದೆ. ಕಂಪನಿಯ ದೂರು ವಿಭಾಗಕ್ಕೆ ಮಗ ನಿಮ್ಮ ಹೆಸರಿನಲ್ಲಿ ಒಂದೇ ಪುಟ ಬರೆಯಲಿ. ಇಂಥ ದಿನ, ಇಂಥ ವಿಮಾನ, ವೋಚರ್ ಸಂಖ್ಯೆ ಇದು. ಸೀಟುಗಳಿಗೆ ಮಿತಿಯಿದೆ ಎಂದು ಒಪ್ಪಿಗೆಗೆ ಮುಂಚೆ ನಮಗೆ ಹೇಳಲಿಲ್ಲ. ಈ ಈ ದಿನಗಳಲ್ಲಿ ಪ್ರಯತ್ನಿಸಿ ಸೋತಿದ್ದೇವೆ, ಪರದೆಯ ಚಿತ್ರ ಲಗತ್ತಿಸಿದೆ. ಡಾಲರ್ ವೋಚರಿಗೆ ಬದಲಾಯಿಸಿ, ಇಲ್ಲವೇ ಅವಧಿಯನ್ನು ಒಂದು ವರ್ಷ ವಿಸ್ತರಿಸಿ. ಇಷ್ಟು ಸಾಕು. ವಯಸ್ಸು, ಭಾಷೆ, ಬಿಸಿಲು, ಕಾಲುನೋವು ಯಾವುದೂ ಬೇಡ. ದೂರು ತಲುಪಿತು ಎಂದು 30 ದಿನದೊಳಗೆ ತಿಳಿಸಿ 60 ದಿನದೊಳಗೆ ವಿವರವಾದ ಉತ್ತರ ಕೊಡಬೇಕೆಂಬ ನಿಯಮ ಕಂಪನಿಗಳಿಗಿದೆ. ಉತ್ತರ ಸರಿಬರದಿದ್ದರೆ ಅಮೆರಿಕದ ಸಾರಿಗೆ ಇಲಾಖೆಯ ಗ್ರಾಹಕ ವಿಭಾಗದಲ್ಲಿ ಆನ್‌ಲೈನ್ ದೂರು ಹಾಕಿ. ಶುಲ್ಕವಿಲ್ಲ, ವಕೀಲರೂ ಬೇಡ. ಇಲಾಖೆ ನಿಮ್ಮ ಪರವಾಗಿ ದಾವೆ ಹೂಡುವುದಿಲ್ಲ, ದೂರನ್ನು ಕಂಪನಿಗೆ ಕಳಿಸಿ ಉತ್ತರ ಕೇಳುತ್ತದೆ. ಎಷ್ಟೋ ಸಲ ಅಷ್ಟಕ್ಕೇ ಕಂಪನಿಯ ದನಿ ಬದಲಾಗುತ್ತದೆ.

ಇನ್ನು ಶಿವಮೊಗ್ಗದ ಗ್ರಾಹಕರ ಆಯೋಗದ ಮಾತು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ದೂರುದಾರ ತಾನಿರುವ ಊರಿನಲ್ಲೇ ದೂರು ಕೊಡಬಹುದು ನಿಜ. ಆದರೆ ಟಿಕೆಟ್ ತೆಗೆದದ್ದು, ಹಾರಬೇಕಿದ್ದದ್ದು, ವೋಚರ್ ಕೊಟ್ಟದ್ದು ಎಲ್ಲ ಅಮೆರಿಕದಲ್ಲಿ. ಗೆದ್ದರೂ ಆ ಆದೇಶವನ್ನು ಅಲ್ಲಿ ಜಾರಿ ಮಾಡಿಸುವವರು ಯಾರು? ಬೇಡ. ನಮ್ಮ ವಿಮಾನಯಾನ ನಿಯಂತ್ರಕ ಸಂಸ್ಥೆ ಡಿಜಿಸಿಎಯ ನಿಯಮವೂ ಡಲ್ಲಾಸ್–ಷಿಕಾಗೋ ವಿಮಾನಕ್ಕೆ ತಾಗುವುದಿಲ್ಲ.

ಬೆಂಗಳೂರಿನಲ್ಲೋ ಹುಬ್ಬಳ್ಳಿಯಲ್ಲೋ ಇದೇ ಗತಿಯಾದವರಿಗೆ ಲೆಕ್ಕ ಬೇರೆ. ಒಪ್ಪದವರನ್ನು ಬಿಟ್ಟು ಹೋದರೆ, ಒಂದು ಗಂಟೆಯೊಳಗೆ ಬೇರೆ ವಿಮಾನ ಹತ್ತಿಸದಿದ್ದಲ್ಲಿ, 24 ಗಂಟೆಯೊಳಗಿನ ಬದಲಿ ವಿಮಾನಕ್ಕೆ ಮೂಲ ದರ ಮತ್ತು ಇಂಧನ ಶುಲ್ಕದ ಎರಡು ಪಟ್ಟು, 10,000 ರೂಪಾಯಿವರೆಗೆ ಪರಿಹಾರವಿದೆ. ಅದಕ್ಕೂ ತಡವಾದರೆ ನಾಲ್ಕು ಪಟ್ಟು, 20,000 ರೂಪಾಯಿವರೆಗೆ. ಇದನ್ನು ಪಾಲಿಸದ ಕಾರಣಕ್ಕೆ 2022ರಲ್ಲಿ ಡಿಜಿಸಿಎ ಏರ್ ಇಂಡಿಯಾಗೆ 10 ಲಕ್ಷ ರೂಪಾಯಿ ದಂಡ ಹಾಕಿತ್ತು. ಅಂಥವರು ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ಕೊಡಬೇಕು, ಇಲ್ಲವೇ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬೇಕು.

ಇನ್ನೊಮ್ಮೆ ಗೇಟಿನಲ್ಲಿ ಯಾರಾದರೂ ನಗುನಗುತ್ತ ಕೇಳಿದರೆ ಮಗನಿಗೆ ಫೋನ್ ಹಚ್ಚಿ ಅವರ ಕೈಗೆ ಕೊಡಿ. ಎಷ್ಟು ಡಾಲರ್, ಯಾವ ದಿನದವರೆಗೆ, ಮುಂದಿನ ವಿಮಾನದಲ್ಲಿ ಸೀಟು ಖಾತ್ರಿಯೋ ಅಥವಾ ಅಲ್ಲೂ ಕಾಯುವ ಪಟ್ಟಿಯೋ, ಇಷ್ಟು ತಿಳಿಯದೆ ಏಳಬೇಡಿ. ಚೌಕಾಸಿಗೆ ಅವರೂ ತಯಾರಿರುತ್ತಾರೆ. 2017ರಲ್ಲಿ ಷಿಕಾಗೋದಲ್ಲಿ ಯುನೈಟೆಡ್ ವಿಮಾನದಿಂದ ವೈದ್ಯರೊಬ್ಬರನ್ನು ಎಳೆದು ಹೊರಹಾಕಿದ ವಿಡಿಯೊ ಜಗತ್ತೆಲ್ಲ ನೋಡಿದ ಮೇಲೆ, ಸೀಟು ಬಿಡುವವರಿಗೆ 10,000 ಡಾಲರ್‌ವರೆಗೂ ಕೊಡುವುದಾಗಿ ಆ ಕಂಪನಿ ಪ್ರಕಟಿಸಿತ್ತು.

ನಿಮ್ಮ ವೋಚರಿಗಾಗಿ ಎಷ್ಟು ಹೊತ್ತು ಹೆಣಗಬೇಕು ಎಂಬುದಕ್ಕೂ ಒಂದು ಮಿತಿ ಇರಲಿ. ಒಂದು ಪತ್ರ, ಒಂದು ದೂರು, ಅಲ್ಲಿಗೆ ಸಾಕು. ಆಮೇಲೆ ಮಗ ಟಿಕೆಟ್ ತೆಗೆದುಕೊಟ್ಟರೆ ಸಂಕೋಚಪಡದೆ ಹತ್ತಿ. ಆದರೆ 60 ದಿನದ ಗಡುವು ಮೇ ಒಳಗೆ ಮುಗಿಯಬೇಕಾದರೆ ಪತ್ರ ಈ ತಿಂಗಳೇ ಹೊರಡಬೇಕು. ವೋಚರಿನ ಎರಡೂ ಬದಿಯ ಫೋಟೊ ತೆಗೆದು ಇವತ್ತೇ ಮಗನಿಗೆ ಕಳಿಸಿ.