ಹಡಗಿಗೆ ಮುಂಚಿನ ರಾತ್ರಿ

ನಾವು ಯುರೋಪಿನ ಹಡಗು ಪ್ರವಾಸ ಮುಗಿಸಿ ಬಂದಾಗಿನಿಂದ ಕಲಬುರಗಿಯಲ್ಲಿ ಸಿಕ್ಕವರೆಲ್ಲ ಹಡಗಿನ ಬಗ್ಗೆಯೇ ಕೇಳುತ್ತಾರೆ. ತಲೆ ಸುತ್ತಿತಾ, ಸಸ್ಯಾಹಾರ ಸಿಕ್ಕಿತಾ, ಕೋಣೆಗೆ ಕಿಟಕಿ ಇತ್ತಾ ಎಂದು. ಹಡಗಿನಲ್ಲಿ ನಮಗೆ ಯಾವ ತೊಂದರೆಯೂ ಆಗಲಿಲ್ಲ. ಅಲ್ಲಿ ಹಗಲೂ ರಾತ್ರಿಯೂ ಕೇಳುವವರಿರುತ್ತಾರೆ. ವಯಸ್ಸಾದವರು ವಿಚಾರಿಸಿಕೊಳ್ಳಬೇಕಾದದ್ದು ಹಡಗು ಹತ್ತುವ ಹಿಂದಿನ ರಾತ್ರಿಯನ್ನು. ಆ ಒಂದು ರಾತ್ರಿ ನಿಮ್ಮನ್ನು ಯಾರೂ ನೋಡಿಕೊಳ್ಳುವುದಿಲ್ಲ.

2024ರ ಸೆಪ್ಟೆಂಬರಿನ ಮಾತು. ಏಜೆಂಟನನ್ನು ಮನೆಗೆ ಕರೆತಂದವನು ನನ್ನ ಮೈದುನ. "ಅಕ್ಕೋರೆ, ಚಿಂತಿ ಮಾಡಬ್ಯಾಡ್ರಿ, ಎಲ್ಲಾ ನನ್ನ ಮ್ಯಾಲ ಬಿಡ್ರಿ" ಎಂದ ಆ ಏಜೆಂಟ್. ವೀಸಾ ಕಾಗದ, ಬೆಂಗಳೂರಿನಲ್ಲಿ ಬೆರಳಚ್ಚು, ಷೆಂಗೆನ್ ವೀಸಾಕ್ಕೆ ಕಡ್ಡಾಯವಾದ 30,000 ಯೂರೋ ಆರೋಗ್ಯ ವಿಮೆ, ಇವನ್ನೆಲ್ಲ ಸರಿಯಾಗಿಯೇ ಮಾಡಿಸಿದ. ಆದರೆ ರೋಮಿನ ಹೋಟೆಲ್ ಬುಕ್ ಮಾಡುವಾಗ ಸಂಪರ್ಕದ ಫೋನ್ ನಂಬರಿನ ಜಾಗದಲ್ಲಿ ತನ್ನ ನಂಬರು ತುಂಬಿದ್ದ. ನಮಗೆ ಹೇಳಲಿಲ್ಲ. ಮುಂದಿನದ್ದಕ್ಕೆಲ್ಲ ಮೂಲ ಅದೊಂದೇ.

ಹುಮನಾಬಾದ್ ದಾರಿ ಹಿಡಿದು ಹೈದರಾಬಾದ್ ವಿಮಾನ ನಿಲ್ದಾಣಕ್ಕೆ ಹೊರಟೆವು. ಆ ದಾರಿಯಲ್ಲೇ ಕಮಲಾಪುರ, ನನ್ನ ತವರು. ವೈನಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಅಣ್ಣ ಹೊಲದಿಂದ ತಂದ ಕೆಂಪು ಬಾಳೆಹಣ್ಣು ಕೊಟ್ಟ, ಭೌಗೋಳಿಕ ಗುರುತು ಪಡೆದ ನಮ್ಮೂರಿನ ಹಣ್ಣು. ಹಾಲಿನ ಪದಾರ್ಥ ಯುರೋಪಿಗೆ ಒಯ್ಯುವಂತಿಲ್ಲ. ಆದ್ದರಿಂದ ಪೇಡಾ, ತುಪ್ಪ ಅಲ್ಲೇ ಬಿಟ್ಟೆ. ಬಾಳೆಹಣ್ಣಿಗೆ ಮಾತ್ರ ಹಟ ಹಿಡಿದೆ. ಏಜೆಂಟ್ ಫೋನಿನಲ್ಲಿ, "ಹಣ್ಣು ನಡೆಯೋದಿಲ್ರಿ, ದಂಡ ಹಾಕ್ತಾರ" ಎಂದ. ಮೈದುನ ಎಲ್ಲರೆದುರು ನಕ್ಕ. ನಾನು ಮೊದಲೇ ಓದಿಕೊಂಡಿದ್ದೆ: ಪ್ರಯಾಣಿಕರು ಒಯ್ಯುವ ಹಣ್ಣುಗಳಲ್ಲಿ ಅನಾನಸ್, ತೆಂಗಿನಕಾಯಿ, ದುರಿಯನ್, ಬಾಳೆ, ಖರ್ಜೂರ ಈ ಐದಕ್ಕೆ ಯುರೋಪಿಯನ್ ಒಕ್ಕೂಟದಲ್ಲಿ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕಿಲ್ಲ. ಇನ್ನೂ ಗಟ್ಟಿಯಿದ್ದ ಕಾಯಿಗಳನ್ನು ಆರಿಸಿ ಕೈಚೀಲದಲ್ಲಿಟ್ಟೆ.

ನಮ್ಮ ಮನೆಯವರಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ತೆಗೆದುಕೊಳ್ಳುತ್ತಾರೆ. ವಿಮಾನ ಇಳಿಯುವ ಮೊದಲು ಕೊಡುವ ಊಟ ನೆಚ್ಚಿಕೊಂಡು ಚುಚ್ಚಿಕೊಂಡರು. ಬಂದ ತಟ್ಟೆಯಲ್ಲಿ ಮಾಂಸವಿತ್ತು. ಸಸ್ಯಾಹಾರವೆಂದು ಬರೆಸುತ್ತೇನೆ ಎಂದಿದ್ದ ಏಜೆಂಟ್ ಬರೆಸಿರಲಿಲ್ಲ. ಬ್ರೆಡ್ಡಿನ ಒಂದು ತುಂಡು ತಿಂದು ಸುಮ್ಮನಾದರು. ಫ್ಯೂಮಿಚೀನೊ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ಸಾಲು ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು. ಲಿಯೊನಾರ್ಡೊ ಎಕ್ಸ್‌ಪ್ರೆಸ್ ರೈಲು 32 ನಿಮಿಷಕ್ಕೆ ತೆರ್ಮಿನಿ ನಿಲ್ದಾಣ ಮುಟ್ಟಿಸುತ್ತದೆ, ಟಿಕೆಟ್ 14 ಯೂರೋ. ಅಲ್ಲಿಯವರೆಗೆ ಎಲ್ಲ ಸುಸೂತ್ರ.

ಹೋಟೆಲಿನ ವಿಳಾಸ ಸಿಕ್ಕಿತು, ಹೋಟೆಲ್ ಸಿಗಲಿಲ್ಲ. ನಮ್ಮಲ್ಲಿ ಲಾಡ್ಜ್ ಎಂದರೆ ಬೋರ್ಡು, ಕೆಳಗೆ ಕೌಂಟರು, ಕೌಂಟರಿನ ಹಿಂದೆ ಮಲಗಿದ್ದಾದರೂ ಒಬ್ಬ ಮನುಷ್ಯ. ರೋಮಿನಲ್ಲಿ ಅಗ್ಗದ ಹೋಟೆಲೆಂದರೆ ಎಷ್ಟೋ ಸಲ ಹಳೆಯ ಕಟ್ಟಡದ ಒಂದು ಮಹಡಿ ಮಾತ್ರ. ಮುಚ್ಚಿದ ದೊಡ್ಡ ಮರದ ಬಾಗಿಲು, ಪಕ್ಕದಲ್ಲಿ ಹಿತ್ತಾಳೆಯ ಗುಂಡಿಗಳ ಸಾಲು, ಒಂದೊಂದರ ಎದುರಿಗೆ ಒಂದೊಂದು ಹೆಸರು. ಕನ್ನಡಕ ಒರೆಸಿಕೊಂಡು ಹುಡುಕಿ, ಹೋಟೆಲಿನ ಗುಂಡಿ ಒತ್ತಿದೆ. ಉತ್ತರವಿಲ್ಲ. ಮತ್ತೆ ಒತ್ತಿದೆ. ಫೋನ್ ತೆಗೆದರೆ ನೆಟ್‌ವರ್ಕ್ ಇಲ್ಲ. ರೋಮಿಂಗ್ ತಾನೇ ಶುರುವಾಗುತ್ತದೆ ಎಂದು ಆಣೆ ಮಾಡಿ ಹೇಳಿದ್ದ ಏಜೆಂಟ್. ರೋಮಿನಲ್ಲಿ ರಾತ್ರಿ ಹತ್ತು, ಕಲಬುರಗಿಯಲ್ಲಿ ಒಂದೂವರೆ. ಇಡೀ ಊರು ಮಲಗಿದ ಹೊತ್ತು.

ಆಗಲೇ ನಮ್ಮ ಮನೆಯವರು ಸೂಟ್‌ಕೇಸಿನ ಮೇಲೆ ಕುಳಿತದ್ದು. ದಣಿವು ಎಂದುಕೊಂಡೆ. ಕೈ ಹಿಡಿದರೆ ಅಂಗೈ ತಣ್ಣಗೆ, ಬೆವರು.

"ಏನ್ರೀ, ಕೈ ನಡಗ್ಲತ್ತಾವಲ್ಲ?"

"ಏನಿಲ್ಲ, ಬಾಗಿಲಾ ತಗಿ ಅನ್ನು ಅವರಿಗಿ," ಎಂದರು. ಮತ್ತೆ ಅದೇ ಮಾತು. ಮೂರನೇ ಸಲ ಹೇಳುವಾಗ ನಾಲಿಗೆ ತೊದಲುತ್ತಿತ್ತು. ಸಕ್ಕರೆ ಇಳಿದಿದೆ ಎಂದು ತಿಳಿಯಿತು. ಗ್ಲೂಕೋಸ್ ಪುಡಿ ಎಲ್ಲಿದೆ? ದೊಡ್ಡ ಸೂಟ್‌ಕೇಸಿನ ತಳದಲ್ಲಿ, ಅವರು ಕುಳಿತಿದ್ದ ಅದೇ ಸೂಟ್‌ಕೇಸು. ಎಬ್ಬಿಸಿದರೆ ಬೀಳುತ್ತಾರೆ. ತೆರ್ಮಿನಿಯ ಸುತ್ತ ಜೇಬುಗಳ್ಳರಿದ್ದಾರೆ, ಬ್ಯಾಗು ನೆಲಕ್ಕಿಡಬೇಡಿ ಎಂದು ಎಲ್ಲರೂ ಹೆದರಿಸಿದ್ದರು. ಪಾಸ್‌ಪೋರ್ಟು, ಹಡಗಿನ ಟಿಕೆಟ್ ಇದ್ದ ಬ್ಯಾಗನ್ನು ನೆಲಕ್ಕೆ ಬಿಟ್ಟು ಎರಡೂ ಕೈಯಿಂದ ಬಾಳೆಹಣ್ಣಿನ ಸಿಪ್ಪೆ ಸುಲಿದೆ. ಅಷ್ಟು ದೂರ ಬರುವಷ್ಟರಲ್ಲಿ ಹಣ್ಣಾಗಿತ್ತು. ತುಂಡು ತುಂಡು ಮಾಡಿ ಬಾಯಿಗಿಟ್ಟೆ. ಅಗಿಯಲಾರರು, ಕಿವಿಯ ಹತ್ತಿರ ಕೂಗಿ ಅಗಿಸಿದೆ. ಗಂಡ ಹೆಂಡತಿ ಜಗಳವೆಂದು ತಿಳಿದಿರಬೇಕು, ಜನ ಪಕ್ಕಕ್ಕೆ ಸರಿದು ಹೋದರು. ಎರಡನೆಯ ಹಣ್ಣು ಮುಗಿಯುವವರೆಗೂ ಅವರ ಕಣ್ಣು ನನ್ನನ್ನು ಗುರುತು ಹಿಡಿಯಲಿಲ್ಲ. ನಂತರ ನಿಧಾನಕ್ಕೆ, "ಸಾಕು, ಗಂಟಲಿಗಿ ಹತ್ತ್ಲತ್ತದ" ಎಂದರು. ಆಗ ನನಗೆ ಅಳು ಬಂತು.

ಬೀದಿಯ ತಿರುವಿನಲ್ಲಿ ಒಂದು ಚಿಕ್ಕ ಅಂಗಡಿ ತೆರೆದಿತ್ತು. ತೆರ್ಮಿನಿಯ ಆಸುಪಾಸು ಇಂಥ ಅಂಗಡಿಗಳನ್ನು ನಡೆಸುವವರಲ್ಲಿ ಬಾಂಗ್ಲಾದೇಶದವರು ಬಹಳ. ಅಂಗಡಿಯವನೊಂದಿಗೆ ನಮ್ಮ ಕಲಬುರಗಿಯ ದಖನಿಯಲ್ಲೇ ಮಾತನಾಡಿದೆ. ಅವನ ಮುರುಕು ಹಿಂದಿಗೆ ಅದು ಹೊಂದಿತು. ಹೊರಗೆ ಬಂದು ಅವರನ್ನು ಒಳಗೆ ಕೂರಿಸಿ, ಹಣ್ಣಿನ ರಸ ಕೊಟ್ಟ, ದುಡ್ಡು ಮುಟ್ಟಲಿಲ್ಲ. ನಮ್ಮ ಕಾಗದದಲ್ಲಿದ್ದ ಹೋಟೆಲಿನ ನಂಬರಿಗೆ ತನ್ನ ಫೋನಿನಿಂದ ಕರೆ ಮಾಡಿ ಇಟಾಲಿಯನ್ನಿನಲ್ಲಿ ಗದರಿದ. ಆಗ ತಿಳಿಯಿತು: ರಾತ್ರಿ ಒಂಬತ್ತರ ಮೇಲೆ ಅಲ್ಲಿ ಆಳೇ ಇರುವುದಿಲ್ಲ. ಬಾಗಿಲಿನ ಸಂಕೇತ ಸಂಖ್ಯೆ, ಬೀಗದಕೈ ಇಟ್ಟ ಪೆಟ್ಟಿಗೆಯ ಸಂಖ್ಯೆ ಎರಡನ್ನೂ ಸಂಜೆಯೇ ವಾಟ್ಸ್ಆ್ಯಪಿನಲ್ಲಿ ಕಳಿಸಿದ್ದರಂತೆ, ಕಲಬುರಗಿಯ ನಂಬರಿಗೆ.

ಅದೇ ವರ್ಷ ನವೆಂಬರಿನಲ್ಲಿ ಇಟಲಿಯ ಗೃಹ ಸಚಿವಾಲಯ ಸುತ್ತೋಲೆ ಹೊರಡಿಸಿ, ತಂಗುವವರ ಗುರುತನ್ನು ಎದುರಾ ಎದುರು ನೋಡಬೇಕು, ಬರೀ ಪೆಟ್ಟಿಗೆಯ ಬೀಗದಕೈ ಸಾಲದು ಎಂದಿತು. ನಮ್ಮ ಪಾಲಿಗೆ ಅದು ತಡವಾಯಿತು. ಸುತ್ತೋಲೆ ಬಂತೆಂದು ನೀವು ನೆಚ್ಚಿ ಕೂರಬೇಡಿ. ರಾತ್ರಿ ಎಷ್ಟರವರೆಗೆ ಆಳಿರುತ್ತಾನೆ ಎಂದು ಕೇಳಿ, ಬರೆಸಿಕೊಳ್ಳಿ. ಬುಕಿಂಗಿನಲ್ಲಿ ನಿಮ್ಮದೇ ನಂಬರು ಇರಲಿ. ರೋಮಿಂಗನ್ನು ಇಲ್ಲಿಯೇ ಹಾಕಿಸಿಕೊಳ್ಳಿ. ಔಷಧ, ಗ್ಲೂಕೋಸ್, ವೈದ್ಯರ ಚೀಟಿ ಕೈಚೀಲದಲ್ಲೇ ಇರಬೇಕು. ಹೋಟೆಲಿನವರು ಬಾಡಿಗೆಯ ಮೇಲೆ ತಲೆಗೆ ಇಷ್ಟೆಂದು ನಗರ ತೆರಿಗೆ ಕೇಳುತ್ತಾರೆ, ಅದು ಮೋಸವಲ್ಲ. ಬಚ್ಚಲಿನಲ್ಲಿ ನೇತಾಡುವ ದಾರ ದೀಪದ್ದಲ್ಲ, ಆಪತ್ತಿಗೆ ಎಳೆಯುವ ಗಂಟೆಯದು.

ಇನ್ನೊಂದು. ಏಜೆಂಟ್ ಕೊಟ್ಟ ಕಾಗದದಲ್ಲಿ "ರೋಮ್ ಬಂದರು" ಎಂದಿತ್ತು. ದೊಡ್ಡ ಹಡಗುಗಳು ನಿಲ್ಲುವುದು ರೋಮಿನಲ್ಲಲ್ಲ, ಸುಮಾರು 70 ಕಿಲೋಮೀಟರ್ ದೂರದ ಚಿವಿತಾವೆಕ್ಕಿಯಾದಲ್ಲಿ. ಅದನ್ನೂ ಹೇಳಿದವನು ಆ ಅಂಗಡಿಯವನೇ. ತೆರ್ಮಿನಿಯಿಂದ ಪ್ರಾದೇಶಿಕ ರೈಲಿಗೆ 4.60 ಯೂರೋ, ಒಂದು ತಾಸಿನ ಮೇಲೆ ಹಿಡಿಯುತ್ತದೆ. ಕಾಗದದ ಟಿಕೆಟಿಗೆ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹಾಕಿಸಬೇಕು.

ಊರಿಗೆ ಬಂದು ಕೇಳಿದ್ದಕ್ಕೆ ಏಜೆಂಟ್, "ಮೆಸೇಜ್ ನಿಮಗ ಕಳಿಸಿದ್ದೆರಿ ಅಕ್ಕೋರೆ, ನಿಮ್ಮ ನೆಟ್ ಚಾಲೂ ಇರಲಿಲ್ಲ" ಎಂದ. ಅವನ ಶುಲ್ಕದ ಕೊನೆಯ ಕಂತನ್ನು ನಾನು ಕೊಟ್ಟಿಲ್ಲ. ಮೈದುನ ಮಾತು ಬಿಟ್ಟಿದ್ದಾನೆ. ವೈನಿಯ ತಂಗಿ ಮನೆಯವರು ಈಗ ಹಡಗು ಪ್ರವಾಸಕ್ಕೆ ಹೊರಟಿದ್ದಾರೆ, ಕಮಲಾಪುರದಿಂದಲೇ. ಅವರ ಹೋಟೆಲಿಗೆ ನಾನೇ ಪಕ್ಕದಲ್ಲಿ ಕುಳಿತು ಫೋನ್ ಮಾಡಿಸಿದೆ. ನಡುರಾತ್ರಿಯವರೆಗೂ ಬಾಗಿಲಲ್ಲಿ ಮನುಷ್ಯ ಇರುತ್ತಾನೆ ಎಂದು ಅವರಿಂದ ಬರೆಸಿಕೊಂಡಿದ್ದೇವೆ.