ಉಣಗೋಲಿನ ಮುಂದೆ ಒಂದು ಕಾಲು

ಮೂಡಿಗೆರೆ ಕಡೆಯ ನಮ್ಮ ತೋಟದಿಂದ ಅಕ್ಕನ ಮನೆಗೆ ಒಳದಾರಿಯಲ್ಲಿ ನಾಲ್ಕು ಕಿಲೋಮೀಟರು. ಆ ದಾರಿಗೆ ಐದು ಉಣಗೋಲು. ಒಂದೊಂದರ ಮುಂದೆಯೂ ಬೈಕ್ ನಿಲ್ಲಿಸಿ ಬಿದಿರಿನ ಗಳು ಸರಿಸಬೇಕು, ದಾಟಿ ಮತ್ತೆ ನಿಲ್ಲಿಸಿ ಗಳು ಹಾಕಬೇಕು. ಹಾಕದೆ ಹೋದರೆ ಯಾರದೋ ದನ ಇನ್ಯಾರದೋ ಗದ್ದೆಯಲ್ಲಿರುತ್ತದೆ. ಹೋಗುವಾಗಲೇ ಹತ್ತು ಸಲ ಕಾಲು ನೆಲಕ್ಕೆ ಬರಬೇಕು. ಕಾಲು ಸಿಗುವವರಿಗೆ ಇದೊಂದು ಲೆಕ್ಕವೇ ಅಲ್ಲ. ನನ್ನ ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು, ತೂಕ 46 ಕೆ.ಜಿ.

ಬೈಕ್ ಹೀರೋ ಇಂಪಲ್ಸ್. ಹೀರೋ ಮತ್ತು ಹೋಂಡಾ ಬೇರೆಯಾದ 2011ರಲ್ಲೇ ಮಾರುಕಟ್ಟೆಗೆ ಬಂದ ಗಾಡಿ. 149 ಸಿಸಿ ಎಂಜಿನ್, ಮುಂದೆ 19 ಇಂಚಿನ ಚಕ್ರ, ಹಿಂದೆ 17 ಇಂಚಿನದು. 2019ರಲ್ಲಿ ನಾನು ಕೊಳ್ಳುವ ಹೊತ್ತಿಗೆ ಅದರ ತಯಾರಿಕೆ ನಿಂತು ಹೋಗಿತ್ತು. ಸಕಲೇಶಪುರದ ಹತ್ತಿರ ಒಬ್ಬರ ಕೊಟ್ಟಿಗೆಯಲ್ಲಿ, ಮೆಣಸಿನ ಚೀಲಗಳ ಹಿಂದೆ ನಿಂತಿದ್ದದ್ದನ್ನು ತಂದೆ. ಅದೇ ವರ್ಷ ಬೆಂಗಳೂರಿನ ಐಶ್ವರ್ಯಾ ಪಿಸ್ಸೆ ಎಫ್‌ಐಎಂ ಬಾಹಾ ವಿಶ್ವಕಪ್‌ನ ಮಹಿಳಾ ವಿಭಾಗ ಗೆದ್ದರು. ಪತ್ರಿಕೆಯಲ್ಲಿ ಬಂದ ಅವರ ಫೋಟೊವನ್ನು ಕತ್ತರಿಸಿ ಶೆಡ್ಡಿನ ಬಾಗಿಲಿಗೆ ಅಂಟಿಸಿದ್ದೆ. ರೇಸಿನ ಆಸೆ ನನಗಿರಲಿಲ್ಲ. ಸ್ಕೂಟರಿನ ಸಣ್ಣ ಚಕ್ರ ಸಿಕ್ಕಿಹಾಕಿಕೊಳ್ಳುವ ಕೊರಕಲಿನಲ್ಲಿ, ಯಾರ ಜೀಪಿಗೂ ಕಾಯದೆ ತೋಟ ಸುತ್ತಬೇಕಿತ್ತು, ಅಷ್ಟೆ.

ಇಂಪಲ್ಸ್‌ನ ತೂಕ 134 ಕೆ.ಜಿ., ಸೀಟಿನ ಎತ್ತರ 836 ಮಿ.ಮೀ. ದೊಡ್ಡ ಬೈಕುಗಳ ಪಕ್ಕ ನಿಲ್ಲಿಸಿದರೆ ಮರಿಯಂತೆ ಕಾಣುತ್ತದೆ. ನನಗೆ ಮಾತ್ರ ಅದು ನನ್ನ ಮೂರರಷ್ಟು ತೂಕದ, ಕಾಲಿನ ಅಳತೆಗಿಂತ ಒಂದು ಗೇಣು ಎತ್ತರದ ಗಾಡಿ. ಒಳತೊಡೆಯಿಂದ ಹಿಮ್ಮಡಿಯವರೆಗೆ ನನಗಿರುವುದು 68 ಸೆಂ.ಮೀ. ಸೀಟಿನ ಮಧ್ಯೆ ಕೂತರೆ ಎರಡು ಕಾಲೂ ಗಾಳಿಯಲ್ಲಿ. ಎಡಕ್ಕೆ ಜಾರಿ ಕೂತರೆ ಹೆಬ್ಬೆರಳ ತುದಿ ಮಾತ್ರ ನೆಲಕ್ಕೆ ತಾಗುತ್ತಿತ್ತು.

ಮೊದಲ ಸಲ ಬಿದ್ದದ್ದು ಎರಡನೆಯ ಉಣಗೋಲಿನ ಮುಂದೆ. ಅಲ್ಲಿ ದಾರಿ ಬಲಕ್ಕೆ ಇಳಿಜಾರು. ನಿಲ್ಲಿಸಿದೆ, ಬೈಕ್ ಬಲಕ್ಕೆ ವಾಲಿತು, ಚಾಚಿದ ಕಾಲಿಗೆ ಇರಬೇಕಾದ ಜಾಗದಲ್ಲಿ ನೆಲ ಇರಲಿಲ್ಲ. ಪೆಟ್ಟು ದೊಡ್ಡದಲ್ಲ. ಆದರೆ ಜಡಿಮಳೆಯಲ್ಲಿ, ಉಂಬಳ ಹತ್ತುವ ಹುಲ್ಲಿನಲ್ಲಿ ಅರ್ಧ ಗಂಟೆ ಆ ಬೈಕನ್ನು ಎತ್ತಲು ಹೆಣಗಿದ್ದು ನೆನಪಿದೆ. ಕೊನೆಗೆ ದಾರಿಹೋಕರೊಬ್ಬರು ಎತ್ತಿಕೊಟ್ಟು, “ನಿಮಗೆ ಇದೆಲ್ಲ ಯಾಕೆ ಬೇಕಿತ್ತು?” ಎಂದರು. ಕೇಡು ಬಯಸಿ ಅಂದದ್ದಲ್ಲ, ಆದರೂ ಆ ಮಾತು ಬಹಳ ದಿನ ನನ್ನೊಳಗೆ ಉಳಿಯಿತು. ಎತ್ತರ ಸಾಲದ್ದು ನನ್ನ ತಪ್ಪೆಂದೂ, ಬೈಕ್ ಇರುವುದೇ ಸರಿಯಾದ ಅಳತೆಯಲ್ಲೆಂದೂ ನಾನೂ ನಂಬಿದ್ದೆ.

ಆ ನಂಬಿಕೆಯಲ್ಲೇ ಮೊದಲ ತಪ್ಪು ಮಾಡಿದೆ. ಪೇಟೆಯ ವರ್ಕ್‌ಶಾಪೊಂದಕ್ಕೆ ಹೋಗಿ “ಹೇಗಾದರೂ ಮಾಡಿ ತಗ್ಗಿಸಿಕೊಡಿ” ಅಂದೆ. ಅವರು ಹಿಂದಿನ ಮೊನೊಶಾಕ್ ಬಿಚ್ಚಿ ಸ್ಪ್ರಿಂಗಿನ ಒಂದು ಸುತ್ತು ಕತ್ತರಿಸಿ ಜೋಡಿಸಿದರು. ಸಂಜೆ ಕೂತು ನೋಡಿದಾಗ ಪಾದದ ಮುಂಭಾಗ ನೆಲಕ್ಕೆ ತಾಗಿತು. ಕಣ್ಣಲ್ಲಿ ನೀರು ಬಂತು. ಮಾರನೆಯ ದಿನ ತೋಟದ ಕಲ್ಲು ದಾರಿಗೆ ಇಳಿಸಿದಾಗ ಗೊತ್ತಾಯಿತು, ಬೈಕ್ ತಗ್ಗಾಗಿತ್ತು, ಆದರೆ ಮರದ ದಿಮ್ಮಿಯಂತಾಗಿತ್ತು. ಪ್ರತಿ ಕಲ್ಲೂ ಬೆನ್ನುಮೂಳೆಗೆ ತಾಗುತ್ತಿತ್ತು. ಹಿಂದಿನ ಚಕ್ರ ಗುಂಡಿಗೆ ಇಳಿದಾಗ ಸಡಿಲಾದ ಸ್ಪ್ರಿಂಗ್ ತನ್ನ ಜಾಗದಲ್ಲೇ ಕಟಕಟ ಅನ್ನುತ್ತಿತ್ತು.

ಸ್ಪ್ರಿಂಗಿನ ಗಡಸುತನ ಅದರ ಸುತ್ತುಗಳ ಲೆಕ್ಕದಲ್ಲಿದೆ ಎಂದು ಆಮೇಲೆ ಕಲಿತೆ. ಸುತ್ತು ಕಡಿಮೆಯಾದಷ್ಟೂ ಸ್ಪ್ರಿಂಗ್ ಗಡಸು. ಎಂಟು ಸುತ್ತಿನದನ್ನು ಏಳಕ್ಕೆ ಇಳಿಸಿದರೆ ಸುಮಾರು 14 ಪರ್ಸೆಂಟ್ ಗಡಸಾಗುತ್ತದೆ. ಹಗುರ ಮೈಯ ನನಗೆ ಬೇಕಿದ್ದದ್ದು ಮೆತ್ತನೆಯ ಸ್ಪ್ರಿಂಗ್. ಕತ್ತರಿಸಿದ ಕಬ್ಬಿಣವನ್ನು ಮತ್ತೆ ಬೆಳೆಸಲಾಗದು. ಇಂಪಲ್ಸ್‌ನ ಬಿಡಿಭಾಗಗಳು ಆಗಲೇ ಅಪರೂಪವಾಗಿದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಎರಡು ದಿನ ಅಲೆದು ಹಳೆಯದೊಂದು ಶಾಕ್ ಹುಡುಕಿ ತಂದೆ. ಈ ಸಲ ಅಳೆಯದೆ ಏನನ್ನೂ ಮುಟ್ಟುವುದಿಲ್ಲ ಎಂದು ಹಾಲಿನ ಲೆಕ್ಕದ ಹಳೆಯ ಪುಸ್ತಕದ ಹಿಂದಿನ ಪುಟದಲ್ಲಿ ಬರೆಯಲು ಶುರು ಮಾಡಿದೆ.

ಮೊದಲು ಅಳೆದದ್ದು ಸ್ಯಾಗ್. ಬೈಕಿನ ಹಿಂಭಾಗ ಎತ್ತಿ, ಚಕ್ರ ಗಾಳಿಯಲ್ಲಿ ತೂಗುವಾಗ ಅಚ್ಚಿನಿಂದ ನೇರ ಮೇಲೆ ಸೀಟಿನ ಕೆಳಗೆ ಒಂದು ಗುರುತಿನವರೆಗೆ ಟೇಪು ಹಿಡಿಯಬೇಕು. ಆಮೇಲೆ ನೆಲಕ್ಕಿಳಿಸಿ ಬೈಕ್ ತಾನೇ ಎಷ್ಟು ಕುಸಿಯುತ್ತದೆ, ಸವಾರ ಹತ್ತಿದಾಗ ಒಟ್ಟು ಎಷ್ಟು ಕುಸಿಯುತ್ತದೆ ಎಂದು ನೋಡಬೇಕು. ಸವಾರ ಕೂತಾಗಿನ ಕುಸಿತ ಚಕ್ರದ ಒಟ್ಟು ಓಡಾಟದ ಮೂರನೇ ಒಂದರ ಆಸುಪಾಸಿನಲ್ಲಿರಬೇಕು. ಇಂಪಲ್ಸ್‌ನ ಹಿಂದಿನ ಚಕ್ರದ ಓಡಾಟ 150 ಮಿ.ಮೀ., ಅಂದರೆ 50ರ ಹತ್ತಿರ. ಬೈಕ್ ತಾನೇ ಕುಸಿದದ್ದು 14 ಮಿ.ಮೀ., ನಾನು ಕೂತಾಗ 28. ಬೂಟು, ಹೆಲ್ಮೆಟ್ಟು, ಬೆನ್ನಿಗೊಂದು ಚೀಲ ಎಲ್ಲ ಹಾಕಿಕೊಂಡು ಮೂರು ಸಲ ಅಳೆದರೂ ಅಷ್ಟೇ. 75 ಕೆ.ಜಿ.ಯ ಭಾವನನ್ನು ಕೂರಿಸಿದರೆ 37.

ಆ ಮೂರು ಅಂಕಿ ನೋಡಿದಾಗ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಈ ಸ್ಪ್ರಿಂಗ್ ಇಬ್ಬರು ದೊಡ್ಡವರನ್ನು ಹೊರಲೆಂದು ಮಾಡಿದ್ದು. ನಾನು ಕೂತರೆ ಅದು ಸರಿಯಾಗಿ ಕುಗ್ಗುವುದೇ ಇಲ್ಲ. ಕುಗ್ಗದ್ದರಿಂದ ಸೀಟು ಎತ್ತರದಲ್ಲೇ ಉಳಿಯುತ್ತದೆ, ಅದೇ ಕಾರಣಕ್ಕೆ ಕಲ್ಲಿನ ಏಟೂ ಮೈಗೆ ಬರುತ್ತದೆ. ನನ್ನ ಎತ್ತರದ್ದು ಅಂದುಕೊಂಡಿದ್ದ ತೊಂದರೆಯಲ್ಲಿ ಒಂದು ಪಾಲು ನನ್ನ ತೂಕದ್ದಾಗಿತ್ತು, ಅದನ್ನು ಸ್ಪ್ರಿಂಗ್ ಬದಲಿಸಿ ಸರಿಮಾಡಬಹುದಿತ್ತು.

ಶಾಕಿನಲ್ಲಿ ಸ್ಪ್ರಿಂಗನ್ನು ಬಿಗಿದಿಡುವ ಕಾಲರನ್ನು ತೀರಾ ಸಡಿಲಕ್ಕೆ ತಿರುಗಿಸಿದೆ. ಕುಸಿತ 39ಕ್ಕೆ ಬಂತು. ಆದರೆ ಬೈಕ್ ತಾನೇ 25 ಕುಸಿಯುತ್ತಿತ್ತು. ಅಂದರೆ ನನ್ನ ಮೈ ಸೇರಿಸಿದ್ದು ಅದೇ 14 ಮಿ.ಮೀ. ಸವಾರ ಇಲ್ಲದೆಯೇ ಅಷ್ಟೊಂದು ಕುಸಿಯುತ್ತಿದ್ದರೆ ಆ ಸ್ಪ್ರಿಂಗ್ ಆ ಸವಾರನಿಗೆ ಗಡಸು ಎಂದೇ ಅರ್ಥ. ಕಾಲರ್ ತಿರುಗಿಸಿದರೆ ಬದಲಾಗುವುದು ಸೀಟಿನ ಎತ್ತರ ಮಾತ್ರ, ಸ್ಪ್ರಿಂಗಿನ ಗುಣ ಬದಲಾಗುವುದಿಲ್ಲ. ಪೀಣ್ಯದಲ್ಲಿ ಸ್ಪ್ರಿಂಗ್ ಸುತ್ತುವ ಸಣ್ಣ ವರ್ಕ್‌ಶಾಪಿನವರು ನನ್ನ ಪುಸ್ತಕದ ಪುಟ ನೋಡಿ, ಹಳೆಯದರ ಉದ್ದ ಮತ್ತು ಒಳವ್ಯಾಸ ಹಾಗೇ ಇಟ್ಟು, ತುಸು ತೆಳುವಾದ ತಂತಿಯಲ್ಲಿ ಹೊಸದು ಸುತ್ತಿಕೊಟ್ಟರು. ಈಗ ಬೈಕ್ ತಾನೇ ಕುಸಿಯುವುದು 22, ನಾನು ಕೂತರೆ 44. ಮೊದಲಿನ 28ಕ್ಕೆ ಹೋಲಿಸಿದರೆ ಸೀಟು ನನ್ನ ಕೆಳಗೆ 16 ಮಿ.ಮೀ. ಇಳಿಯಿತು, ಚಕ್ರದ ಓಡಾಟದಲ್ಲಿ ಒಂದು ಮಿಲಿಮೀಟರೂ ಕಳೆಯದೆ. ಈ ಕೆಲಸದಲ್ಲಿ ನಾನು ಮಾಡಿದ ಅತ್ಯುತ್ತಮ ಖರ್ಚು ಇದೇ.

ಆಮೇಲೆ ಸೀಟು. ಇಲ್ಲಿ ನನಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇತ್ತು. ಕಾಲು ನೆಲಕ್ಕೆ ಸಿಗುವುದು ಸೀಟಿನ ಎತ್ತರದಷ್ಟೇ ಅಗಲವನ್ನೂ ಅವಲಂಬಿಸಿದೆ. ಒಂದು ದಾರ ತಗೊಂಡು ಎಡಗಾಲಿನ ಹಿಮ್ಮಡಿ ಇರುವಲ್ಲಿಂದ ಸೀಟಿನ ಮೇಲೆ ಹಾಯಿಸಿ ಬಲ ಹಿಮ್ಮಡಿಯವರೆಗೆ ಅಳೆದರೆ ಅದೇ ನಿಜವಾದ ಅಳತೆ. ಸೀಟು ಹೊಲಿಯುವ ಸಾಹೇಬರು ಹಾಸನದವರು, ಬಹಳ ತಾಳ್ಮೆಯ ಮನುಷ್ಯ. ಟ್ಯಾಂಕಿಗೆ ತಾಗುವ ಕಡೆ ಎರಡೂ ಅಂಚುಗಳನ್ನು ತೊಡೆಯ ಆಕಾರಕ್ಕೆ ಕೊರೆದರು. ಮೇಲಿಂದ ಏನೂ ತೆಗೆಯುವ ಮುಂಚೆಯೇ ದಾರ 4 ಸೆಂ.ಮೀ. ಕಡಿಮೆಯಾಗಿತ್ತು, ಒಂದೊಂದು ಕಾಲಿಗೆ ಎರಡೆರಡು. ಆಮೇಲೆ ಮೇಲಿಂದ 25 ಮಿ.ಮೀ. ಕೊಯ್ದರು. ಇನ್ನೂ ತೆಗೆಯಿರಿ ಅಂದೆ, ಒಪ್ಪಲಿಲ್ಲ. “ಇನ್ನು ತೆಗೆದರೆ ಅಮ್ಮ, ನೀವು ಫೋಮಿನ ಮೇಲಲ್ಲ, ತಗಡಿನ ಮೇಲೆ ಕೂತಿರ್ತೀರಿ.” ಅವರು ಹೇಳಿದ್ದೇ ಸರಿ. ಕೊಯ್ದ ಫೋಮಿನ ತುಂಡನ್ನು ಅವರು ಎಸೆಯಲಿಲ್ಲ, ಕಾಗದದಲ್ಲಿ ಸುತ್ತಿ ಕೊಟ್ಟರು. ಅಟ್ಟದ ಮೇಲಿದೆ.

ಹಿಂಭಾಗ ತಗ್ಗಿದ ಮೇಲೆ ಮುಂಭಾಗವನ್ನೂ ಸರಿದೂಗಿಸಬೇಕು. ಇಲ್ಲದಿದ್ದರೆ ಹ್ಯಾಂಡಲ್ ತಿರುವಿನಲ್ಲಿ ಅಗಲಕ್ಕೆ ಓಡುತ್ತದೆ. ಫೋರ್ಕ್ ಕೊಳವೆಗಳನ್ನು ಹಿಡಿದಿರುವ ಕ್ಲ್ಯಾಂಪುಗಳನ್ನು ಸಡಿಲಿಸಿ ಎರಡನ್ನೂ 12 ಮಿ.ಮೀ. ಮೇಲೆ ಸರಿಸಿದೆ. ಎಡಬಲ ಒಂದೇ ಅಳತೆ ಇರಬೇಕು. ಫೋರ್ಕ್ ಪೂರ್ತಿ ಕುಗ್ಗಿದಾಗ ಚಕ್ರ ಮೇಲಿನ ಯಾವುದಕ್ಕೂ ತಾಗುವುದಿಲ್ಲ ಎಂದು ನೋಡಿಯೇ ಬೋಲ್ಟ್ ಬಿಗಿಯಬೇಕು. ಚೈನಿನ ಸಡಿಲವನ್ನೂ ಹೊಸದಾಗಿ ನೋಡಬೇಕು.

ಸೈಡ್ ಸ್ಟ್ಯಾಂಡ್ ವಿಷಯ ನನಗೆ ಯಾರೂ ಹೇಳಿರಲಿಲ್ಲ. ಬೈಕ್ ತಗ್ಗಿತು, ಸ್ಟ್ಯಾಂಡ್ ಅಷ್ಟೇ ಉದ್ದ ಉಳಿಯಿತು, ಹಾಗಾಗಿ ಬೈಕ್ ಎಡಕ್ಕೆ ಒರಗದೆ ನೆಟ್ಟಗೆ ನಿಲ್ಲುತ್ತಿತ್ತು. ಕಾಫಿ ಕಣದ ಅಂಚಿನಲ್ಲಿ ನಿಲ್ಲಿಸಿ ಒಳಗೆ ಹೋಗಿ ಬರುವಷ್ಟರಲ್ಲಿ ಬಲಕ್ಕೆ ಮಗುಚಿ ಬಿದ್ದು ಬ್ರೇಕ್ ಲಿವರ್ ಮುರಿದಿತ್ತು. ನಮ್ಮೂರಿನ ವೆಲ್ಡಿಂಗಿನ ಹುಡುಗ ಸ್ಟ್ಯಾಂಡಿನಲ್ಲಿ 15 ಮಿ.ಮೀ. ಕತ್ತರಿಸಿ ಬೆಸೆದ. ಕೆಸರಿನಲ್ಲಿ ಹೂತುಹೋಗಬಾರದೆಂದು ಪಾದಕ್ಕೆ ಅಂಗೈ ಅಗಲದ ತಗಡನ್ನೂ ಸೇರಿಸಿದ.

ಲಿವರ್ ಮುರಿದದ್ದರಿಂದ ಕೈಯ ಕಡೆ ಗಮನ ಹೋಯಿತು. ಎಲ್ಲರೂ ಕಾಲಿನ ಮಾತೇ ಆಡುತ್ತಾರೆ. ಸಣ್ಣ ಮೈಗೆ ಸಣ್ಣ ಕೈಯೂ ಇರುತ್ತದೆ. ಕ್ಲಚ್ ಹಿಡಿಯಲು ನಾನು ಅಂಗೈಯನ್ನೇ ಹಿಡಿಕೆಯಿಂದ ಸರಿಸುತ್ತಿದ್ದೆ. ಇಳಿಜಾರಿನಲ್ಲಿ ಅಷ್ಟು ಹೊತ್ತು ಬೈಕ್ ನನ್ನ ಹಿಡಿತದಲ್ಲೇ ಇರುತ್ತಿರಲಿಲ್ಲ. ದೂರ ಹೊಂದಿಸಬಹುದಾದ ಲಿವರ್ ಹಾಕಿ ಎರಡು ಬೆರಳಿಗೆ ಸಿಗುವಷ್ಟು ಹತ್ತಿರ ತಂದೆ. ಕೇಬಲ್ಲಿಗೆ ಎಣ್ಣೆ ಬಿಟ್ಟು, ಅದು ಚೂಪಾಗಿ ಬಾಗುತ್ತಿದ್ದ ಕಡೆ ದಾರಿ ಬದಲಿಸಿದೆ. ಹ್ಯಾಂಡಲನ್ನು ಸ್ವಲ್ಪ ನನ್ನ ಕಡೆಗೆ ತಿರುಗಿಸಿ, ತುದಿಗಳಲ್ಲಿ 15 ಮಿ.ಮೀ. ಗಿಡ್ಡ ಮಾಡಿಸಿದೆ. ಗೇರ್ ಲಿವರನ್ನು ಒಂದು ಹಲ್ಲು ಕೆಳಕ್ಕೆ ಹಾಕಿದೆ, ನನ್ನ ಬೂಟು ನಾಲ್ಕನೇ ನಂಬರು. ಇವೆಲ್ಲಕ್ಕೂ ಸೇರಿ ಅರ್ಧ ದಿನ. ಆ ಅರ್ಧ ದಿನವನ್ನು ಎಲ್ಲಕ್ಕಿಂತ ಮೊದಲೇ ಕೊಡಬೇಕಿತ್ತು.

ಹಿಂದಿನ ಸ್ಪ್ರಾಕೆಟ್ಟಿಗೆ ಮೂರು ಹಲ್ಲು ಹೆಚ್ಚಿಸಿದ್ದು ನೋಡುವುದಕ್ಕೆ ಎತ್ತರಕ್ಕೆ ಸಂಬಂಧವಿಲ್ಲದ್ದು. ಆದರೆ ಮೊದಲನೇ ಗೇರಿನಲ್ಲಿ ಕ್ಲಚ್ ಮುಟ್ಟದೆ ನಡಿಗೆಯ ವೇಗದಲ್ಲಿ ಹತ್ತುವ ಬೈಕಿಗೆ ನಡುವೆ ಕಾಲು ಊರುವ ಅಗತ್ಯವೇ ಕಡಿಮೆ. ಡಾಂಬರು ರಸ್ತೆಯಲ್ಲಿ ಎಂಜಿನ್ ಕೂಗುತ್ತದೆ, ಕೂಗಲಿ. ಟೈರಿನ ಗಾಳಿಯನ್ನೂ ತೋಟದ ದಾರಿಗೆ 18 ಪೌಂಡಿಗೆ ಇಳಿಸುತ್ತೇನೆ. ನನ್ನ ತೂಕಕ್ಕೆ ಟ್ಯೂಬು ಕಚ್ಚಿಕೊಳ್ಳುವ ಭಯ ಕಡಿಮೆ.

ಫ್ರೇಮಿಗೆ ಗರಗಸ ಮುಟ್ಟಿಸಲಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಕಂಪನಿ ಕೊಟ್ಟ ಮೂಲ ವಿವರವನ್ನೇ ಬದಲಿಸುವ ಮಾರ್ಪಾಡನ್ನು ಒಪ್ಪುವುದಿಲ್ಲ. ಹಳೆಯ ಶಾಕ್, ಸ್ಪ್ರಾಕೆಟ್ ಎಲ್ಲ ಹೆಸರು ಬರೆದು ಎತ್ತಿಟ್ಟಿದ್ದೇನೆ. ಇನ್ನೊಂದು ಮಾತು. ಇಂಥ ಬೈಕ್ ಕೈಗೆ ಬಂದವರು ಗುಡ್ಡದ ಹುಲ್ಲಿಗೆ ಏರಿಸುವುದನ್ನು ನೋಡಿದ್ದೇನೆ. ನಮ್ಮ ಶೋಲೆ ಕಾಡಿನ ತಲೆಯ ಮೇಲಿನ ಆ ಹುಲ್ಲು ಒಮ್ಮೆ ಚಕ್ರಕ್ಕೆ ಸಿಕ್ಕಿ ಕಿತ್ತರೆ ಮಳೆನೀರು ಅದೇ ಗೀರನ್ನು ಹಿಡಿದು ಕೊರಕಲು ಮಾಡುತ್ತದೆ. ನಾನು ತೋಟದ ದಾರಿ ಬಿಟ್ಟು ಹೋಗುವುದಿಲ್ಲ, ಬೇರೆಯವರ ತೋಟವಾದರೆ ಕೇಳಿಯೇ ಹೋಗುತ್ತೇನೆ.

ಇಷ್ಟೆಲ್ಲ ಮಾಡಿದ ಮೇಲೂ ನನ್ನ ಎರಡು ಪಾದ ಒಟ್ಟಿಗೆ ನೆಲಕ್ಕೆ ಊರುವುದಿಲ್ಲ. ಎಡಕ್ಕೆ ಜಾರಿ ಕೂತರೆ ಎಡಪಾದದ ಮುಕ್ಕಾಲು ಭಾಗ ಗಟ್ಟಿಯಾಗಿ ಊರುತ್ತದೆ, ಸಾಕು. ಮೊದಲು ಎರಡೂ ಕಾಲು ಬೇಕೆಂದು ಹಟ ಹಿಡಿದಿದ್ದೆ. ಅದಕ್ಕಾಗಿ ಇನ್ನಷ್ಟು ತಗ್ಗಿಸಿದ್ದರೆ ಎಂಜಿನ್ನಿನ ಹೊಟ್ಟೆ ಕಲ್ಲಿಗೆ ಉಜ್ಜುತ್ತಿತ್ತು. ಉಳಿದದ್ದನ್ನು ಕಣದಲ್ಲಿ ಕಲಿತೆ. ಕಾಫಿ ಒಣಗಿಸದ ತಿಂಗಳುಗಳಲ್ಲಿ ಕಣ ಖಾಲಿ. ದಿನಾ ಸಂಜೆ ಅಲ್ಲಿ ಎಂಟರ ಆಕಾರದಲ್ಲಿ ಸುತ್ತುವುದು, ನಿಲ್ಲುವ ಕೊನೆಯ ಗಳಿಗೆಯಲ್ಲಿ ಸೊಂಟವನ್ನು ಎಡಕ್ಕೆ ಸರಿಸುವುದು, ಎಡಗಾಲನ್ನು ಫುಟ್‌ಪೆಗ್ ಮೇಲಿಟ್ಟು ಹತ್ತುವುದು. ಬಿದ್ದ ಬೈಕಿಗೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತು, ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಫ್ರೇಮ್ ಹಿಡಿದು ಸಣ್ಣ ಹೆಜ್ಜೆಯಲ್ಲಿ ಹಿಂದಕ್ಕೆ ತಳ್ಳುತ್ತ ಏಳುವುದನ್ನೂ ಕಲಿತೆ. ಕೆಲಸ ಮಾಡುವುದು ತೊಡೆ, ಬೆನ್ನಲ್ಲ. ದಾರಿಯಲ್ಲಿ ನಿಲ್ಲುವ ಜಾಗವನ್ನು ಹತ್ತು ಮಾರು ಮೊದಲೇ ಆರಿಸುತ್ತೇನೆ. ಧರೆಯ ಬುಡವೋ ಬೇರಿನ ಗಂಟೋ ಚಪ್ಪಟೆ ಕಲ್ಲೋ, ಎಡಗಾಲಿಗೆ ಎತ್ತರ ಕೊಡುವ ಏನಾದರೊಂದು ಇದ್ದೇ ಇರುತ್ತದೆ. ಎರಡನೆಯ ಉಣಗೋಲಿನ ಹತ್ತಿರ ಇಲ್ಲದ್ದರಿಂದ ಎಡಬದಿಗೆ ನಾನೇ ಒಂದು ಕಲ್ಲು ಹಾಕಿಸಿದೆ.

ಹೋದ ತಿಂಗಳು ಅಕ್ಕನ ಮಗಳು ಬೈಕ್ ಕೇಳಿದಳು. ಲೈಸೆನ್ಸ್ ಬಂದು ಮೂರು ವಾರ. ನನಗಿಂತ ಎರಡು ಇಂಚು ಎತ್ತರ, ತೂಕ 58. ಕೀಲಿ ಕೊಡುವ ಮುಂಚೆ ಬೂಟು, ಹೆಲ್ಮೆಟ್ಟು ಹಾಕಿಸಿ ಕೂರಿಸಿ ಟೇಪು ಹಿಡಿದೆ. 50. ಕಾಲರ್ ಮುಟ್ಟಲಿಲ್ಲ, ಲಿವರನ್ನು ಮಾತ್ರ ಅವಳ ಬೆರಳಿಗೆ ತಕ್ಕಂತೆ ತುಸು ದೂರ ಸರಿಸಿದೆ. ಹಾಲಿನ ಪುಸ್ತಕದಲ್ಲಿ ನನ್ನ ಅಂಕಿಗಳ ಕೆಳಗೆ ಅವಳದನ್ನೂ ಬರೆದೆ. ಮುಂದಿನ ಫೋರ್ಕಿನ ಸ್ಪ್ರಿಂಗ್ ಇನ್ನೂ ಕಂಪನಿಯದೇ, ನಮ್ಮಿಬ್ಬರಿಗೂ ಗಡಸು. ಕಾಳುಮೆಣಸು ಮಾರಿದ ಮೇಲೆ ಮತ್ತೆ ಪೀಣ್ಯಕ್ಕೆ ಹೋಗಬೇಕು.